ಚಪ್ಪಾಳೆ ತಟ್ಟದ ಗಂಡ

ಮಾರ್ಚ್ 4

ನನ್ನ ಹೆಂಡತಿಗೆ ತಲೆ ಕೆಟ್ಟಿದೆ. ಇದನ್ನು ಮೊದಲು ಬರೆದಿಟ್ಟು ಮಿಕ್ಕದ್ದನ್ನು ಆಮೇಲೆ ಬರೆಯುತ್ತೇನೆ.

ಸಂಜೆಯ ಪ್ರಾರ್ಥನೆ ಮುಗಿಸಿ ಊಟಕ್ಕೆ ಕುಳಿತಿದ್ದೆವು. ಲೆಪೇಕಾ ಎರಡನೇ ಸಲ ಸುಟ್ಟ ಜೀಗುಜ್ಜೆ ಹಾಕಿಕೊಳ್ಳುತ್ತ, ಉಪ್ಪು ಕೇಳಿದಷ್ಟು ಸಲೀಸಾಗಿ ಹೇಳಿದಳು: "ರೀ, ಜುಲೈ ತಿಂಗಳ ಮ್ಯಾರಥಾನಿಗೆ ಹೆಸರು ಕೊಟ್ಟು ಬಂದೆ."

"ಯಾರ ಹೆಸರು?"

"ನಂದೇ ಕಣ್ರೀ. ನಿಮ್ಮದು ಕೊಟ್ರೆ ನೀವು ಅರ್ಧ ದಾರೀಲಿ ಬಸ್ ಹತ್ತಿಬಿಡ್ತೀರಿ."

ಇದು ನಮ್ಮ ವಾಯ್ತೋಲೊ ಊರಿನ ಹಳೇ ತಮಾಷೆ. ಮೂವತ್ತು ವರ್ಷದ ಹಿಂದೆ ರಾಜಧಾನಿ ಅಪಿಯಾದಲ್ಲಿ ನಾನು ಮ್ಯಾರಥಾನ್ ಓಡುತ್ತಿದ್ದೆ. ಇನ್ನೂ ಸುಮಾರು ದಾರಿ ಬಾಕಿ ಇರುವಾಗಲೇ ಮೊದಲನೆಯವನು ಗುರಿ ಮುಟ್ಟಿದ ಸುದ್ದಿ ಬಂತು. ಗೆಲ್ಲಲಾಗದ ಓಟವನ್ನು ಮುಗಿಸಿ ಯಾರಿಗೇನು ಲಾಭ? ಎದುರಿಗೆ ಬಂದ ಬಸ್ಸಿಗೆ ಕೈ ಅಡ್ಡ ಹಿಡಿದೆ. ಇವತ್ತಿಗೂ ಅದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. ಪೆಸಿಫಿಕ್ ಕ್ರೀಡಾಕೂಟದ ಐದು ಸಾವಿರ ಮೀಟರ್ ಓಟದಲ್ಲಿ ನನಗೆ ಬಂದ ಕಂಚಿನ ಪದಕ ನಡುಮನೆಯ ಕಂಬಕ್ಕೆ ನೇತಾಡುತ್ತಿದೆ. ಅದನ್ನು ನೋಡಿ ಯಾರೂ ಏನೂ ಹೇಳುವುದಿಲ್ಲ. ಬಸ್ಸು ಮಾತ್ರ ಎಲ್ಲರಿಗೂ ನೆನಪಿದೆ.

ಲೆಪೇಕಾ ತೂಗುವುದು ನೂರ ಐವತ್ತು ಕಿಲೋಗೂ ಮೇಲೆ. ಆಸ್ಪತ್ರೆಯ ತಕ್ಕಡಿ ಕೈ ಚೆಲ್ಲಿದ್ದರಿಂದ ಕೊಬ್ಬರಿ ಮಂಡಿಗೆ ಹೋಗಿ, ಮೂಟೆ ತೂಗುವ ತಕ್ಕಡಿಯ ಮೇಲೆ ನಿಂತು, ಮಂಡಿಯವನೊಡನೆ ನಕ್ಕು ಮಾತಾಡಿ ತೂಗಿಸಿಕೊಂಡು ಬಂದವಳು. ನಮ್ಮ ಸವಾಯಿ ದ್ವೀಪದಲ್ಲಿ ದಪ್ಪಗಿರುವುದು ತಪ್ಪಲ್ಲ. ಹೆಂಡತಿ ದುಂಡಗಿದ್ದರೆ ಗಂಡನ ಕೆಸುವಿನ ತೋಟ ಚೆನ್ನಾಗಿದೆ ಎಂದರ್ಥ, ನನಗೂ ಅದರಲ್ಲಿ ಹೆಮ್ಮೆಯೇ. ಆದರೆ ಓಟದ ಮಾತು ಬೇರೆ. ಮೂವತ್ತು ವರ್ಷ ವ್ಯಾಯಾಮದ ಮೇಷ್ಟ್ರಾಗಿದ್ದವನು ನಾನು. ಪ್ರತಿ ವರ್ಷ ಈ ಮ್ಯಾರಥಾನಿನ ಗುರಿಯಲ್ಲಿ ಗಡಿಯಾರ ಹಿಡಿದು ನಿಲ್ಲುವವನೂ ನಾನೇ. ಜನ ಏನೆಂದಾರು?

ಮಾರ್ಚ್ 6

ಸಿಲಿಯಾ ಬಂದಿದ್ದಳು. ನಮ್ಮ ಮಗಳು ಆಸ್ಪತ್ರೆಯಲ್ಲಿ ನರ್ಸು. ಇವಳಾದರೂ ಬುದ್ಧಿ ಹೇಳಿಯಾಳು ಎಂದುಕೊಂಡೆ.

"ಅಮ್ಮ, ದಿನಾ ನಡಿ. ನಾನೇ ಹತ್ತು ವರ್ಷದಿಂದ ಬಡ್ಕೊಳ್ತಿದೀನಿ. ಆದ್ರೆ ನಲವತ್ತೆರಡು ಕಿಲೋಮೀಟರ್ ಯಾಕೆ? ನೀನು ಹೆಂಗೋ ಮುಗಿಸ್ತೀಯ, ಊರೆಲ್ಲ ಚಪ್ಪಾಳೆ ತಟ್ಟುತ್ತೆ. 'ಲೆಪೇಕಾ ಅಷ್ಟು ದಪ್ಪ ಇದ್ಕೊಂಡೇ ಮಾಡಿದ್ಲು, ನಮಗೇನು ರೋಗ' ಅಂತ ನನ್ನ ಹತ್ರ ಬರೋರೆಲ್ಲ ಸಕ್ಕರೆ ಕಾಯಿಲೆ ಮಾತ್ರೆ ಬಿಸಾಕ್ತಾರೆ. ಆ ಚಪ್ಪಾಳೆ ಯಾರಿಗೂ ಒಳ್ಳೇದಲ್ಲ."

"ಸರಿಯಾಗಿ ಹೇಳಿದೆ," ಅಂದೆ ನಾನು. "ಓಟ ಅಂದ್ರೆ ಗಡಿಯಾರ. ದಪ್ಪ ಇದಾರೆ ಅಂತ ಒಬ್ರಿಗೆ, ಮುದುಕರು ಅಂತ ಇನ್ನೊಬ್ರಿಗೆ ಚಪ್ಪಾಳೆ ತಟ್ಟುತ್ತಾ ಹೋದ್ರೆ ನಿಜವಾಗಿ ಓಡಿದವನಿಗೆ ಏನು ಉಳಿಯುತ್ತೆ?"

ಲೆಪೇಕಾ ಬೀಸಣಿಗೆ ಕೆಳಗಿಟ್ಟಳು. "ನಾನಿನ್ನೂ ಒಂದು ಹೆಜ್ಜೆ ಇಟ್ಟಿಲ್ಲ. ಅಪ್ಪ ಮಗಳು ಆಗ್ಲೇ ಚಪ್ಪಾಳೆ ತೂಗ್ತಾ ಕೂತಿದೀರಲ್ಲ! ಮಂಡಿಯವನ ತಕ್ಕಡಿ ತರಿಸ್ಲಾ?"

ಸಿಲಿಯಾಳೇ ನಕ್ಕುಬಿಟ್ಟಳು. ಇವಳನ್ನು ನಂಬಿ ಕೆಟ್ಟೆ.

ಮಾರ್ಚ್ 21

ನಡಿಗೆ ಶುರುವಾಗಿ ಎರಡು ವಾರ ಆಯಿತು. ಮೊದಲ ದಿನ ಚರ್ಚಿನ ತನಕ ಹೋಗಿ ಅಲ್ಲೇ ಮೆಟ್ಟಿಲ ಮೇಲೆ ಕುಳಿತವಳು, ಇವತ್ತು ಸೇತುವೆ ದಾಟಿದಳಂತೆ. ನಾನು ನೋಡಲಿಲ್ಲ. ಟೂಪಾ ಹೇಳಿದ.

ಟೂಪಾ ನನ್ನ ಚಿಕ್ಕಪ್ಪನ ಮಗ, ಊರಿನ ಬಸ್ಸು ಓಡಿಸುತ್ತಾನೆ. ಬಸ್ಸಿಗಿಂತ ಅವನ ಬಾಯಿ ಜೋರು. "ಮೇಷ್ಟ್ರೇ, ಅತ್ತಿಗೆ ರಸ್ತೇಲಿ ಬರ್ತಿದ್ರೆ ನಾನು ಬಸ್ಸು ಪಕ್ಕಕ್ಕೆ ತಗೋತೀನಿ. ದೊಡ್ಡ ಗಾಡಿಗೆ ಚಿಕ್ಕ ಗಾಡಿ ದಾರಿ ಬಿಡಬೇಕಲ್ವಾ?" ಅಂದ. ಲೆಪೇಕಾಳ ಎದುರೇ ಅಂದ. ಅವಳು, "ನನ್ನ ಗಾಡಿ ಇನ್ನೂ ತಳ್ಳೋ ಸ್ಟಾರ್ಟಿಗೆ ಬಂದಿಲ್ಲ ಕಣೋ, ನಿಂದು ದಿನಾ ತಳ್ಳಬೇಕು," ಅಂದಳು. ಬಸ್ಸಿನೊಳಗಿದ್ದ ಹೆಂಗಸರೆಲ್ಲ ಹೋ ಎಂದು ಕೂಗಿದರು.

ಅವಳ ಬೂಟು ಮಾತ್ರ ತೀರಾ ಕೆಟ್ಟದ್ದು. ಅಂಗಾಲು ಒಳಗೆ ವಾಲುತ್ತದೆ. ಹೀಗೇ ನಡೆದರೆ ಮೊಣಕಾಲು ಹಿಡಿದುಕೊಳ್ಳುವುದು ಖಂಡಿತ. ಹಿಮ್ಮಡಿಯ ಕೆಳಗೆ ಹಳೇ ಟೈರಿನ ತುಂಡು ಕತ್ತರಿಸಿ ಅಂಟಿಸಿದೆ. ಮನೆಯಲ್ಲಿ ಟೈರು ಸುಮ್ಮನೆ ಬಿದ್ದಿತ್ತು.

ಏಪ್ರಿಲ್ 10

ನಮ್ಮೂರಿನ ಗಂಟೆ ನನ್ನ ಜವಾಬ್ದಾರಿ. ಗಂಟೆ ಎಂದರೆ ಖಾಲಿ ಗ್ಯಾಸ್ ಸಿಲಿಂಡರು, ಚರ್ಚಿನ ಬಯಲಿನ ಮಾವಿನ ಮರಕ್ಕೆ ಕಟ್ಟಿದ್ದು. ಸೂರ್ಯ ಮುಳುಗುತ್ತಲೇ ಕಬ್ಬಿಣದ ಸರಳಿನಿಂದ ನಾನು ಬಾರಿಸಬೇಕು. ಬಾರಿಸಿದೊಡನೆ ಊರಿನಲ್ಲಿ ಒಂದು ನರಪಿಳ್ಳೆಯೂ ಓಡಾಡುವ ಹಾಗಿಲ್ಲ. ಮನೆಯಲ್ಲಿದ್ದವರು ಮನೆಯಲ್ಲಿ, ರಸ್ತೆಯಲ್ಲಿದ್ದವರು ರಸ್ತೆಯಲ್ಲೇ ಕುಳಿತು ಪ್ರಾರ್ಥನೆ ಮಾಡಬೇಕು. ಮತ್ತೊಮ್ಮೆ ಬಾರಿಸಿದ ಮೇಲೇ ಏಳುವುದು. ನಿಲ್ಲಿಸದೆ ಬಾರಿಸಿದರೆ ಬೇರೆ ಅರ್ಥ: ಸಮುದ್ರ ಏರಿ ಬರುತ್ತಿದೆ, ಗುಡ್ಡ ಹತ್ತಿ ಎಂದು. ಅದನ್ನು ಒಂದೇ ಒಂದು ಸಲ ಬಾರಿಸಿದ್ದೇನೆ. ಆ ಮಾತು ಬೇಡ.

ಹನ್ನೊಂದು ವರ್ಷದಿಂದ ನನ್ನ ಗಂಟೆ ಒಂದು ದಿನವೂ ತಡವಾಗಿಲ್ಲ. ಜನ ನನ್ನ ಗಂಟೆ ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಾರೆ.

ಇವತ್ತು ಬಾರಿಸುವಾಗ ಲೆಪೇಕಾ ಇನ್ನೂ ತಿರುವಿನ ಆಚೆ ಇದ್ದಳು. ಊರಿನ ಕಾವಲು ಹುಡುಗರು ಹೇಳುವ ಮೊದಲೇ ರಸ್ತೆಯ ಪಕ್ಕ ಕುಳಿತಳಂತೆ. ಆಮೇಲೆ ಏಳಲು ಆಗಲಿಲ್ಲವಂತೆ. ನಾಲ್ಕು ಜನ ಹಿಡಿದೆತ್ತಿದರು. ಮನೆಗೆ ಬಂದವಳು ಅದನ್ನೇ ಅಭಿನಯ ಮಾಡಿ ತೋರಿಸಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಕೂತ್ರೆ ಕಥೆ ಮುಗೀತು ಕಣ್ರೀ. ಓಟದ ದಿನ ಏನಾದ್ರೂ ಆಗ್ಲಿ, ನಾನು ಮಾತ್ರ ನೆಲಕ್ಕೆ ಕೂರಬಾರದು," ಅಂದಳು.

ಏಪ್ರಿಲ್ 30

ಮರ್ಯಾದೆ ಹೋಯಿತು.

ಮಧ್ಯಾಹ್ನ ಮಹಿಳಾ ಸಮಿತಿಯವರು ಚಾಪೆ ನೇಯುತ್ತ ಕುಳಿತಿದ್ದಲ್ಲಿ ಲೆಪೇಕಾಳ ಓಟದ್ದೇ ಚರ್ಚೆ. ನಾನು ಸುಮ್ಮನೆ ದಾಟಿ ಹೋಗಬೇಕಿತ್ತು. ಹೋಗದೆ, "ನಡ್ಕೊಂಡು ಬರೋದಕ್ಕೆಲ್ಲ ಹೊಗಳಬೇಕು ಅಂದ್ರೆ ದಿನಾ ತೋಟಕ್ಕೆ ಹೋಗಿ ಬರೋ ನನ್ನನ್ನೂ ಹೊಗಳಿ," ಅಂದೆ.

ಲೆಪೇಕಾ ಕೈಯಲ್ಲಿದ್ದ ಎಳೆ ಬಿಡದೆ ಕೇಳಿದಳು. "ನನಗೂ ನಿಮಗೂ ತೂಕದಲ್ಲಿ ಎಷ್ಟು ವ್ಯತ್ಯಾಸ?"

"ಎಂಬತ್ತು ಕಿಲೋ ಮೇಲೆ."

"ಅರ್ಧ ಸಾಕು. ನಲವತ್ತು ಕಿಲೋ ಕೆಸುವಿನ ಗೆಡ್ಡೆ ಹೊತ್ಕೊಂಡು ಇಲ್ಲಿಂದ ಸೇತುವೆಗೆ ಹೋಗಿ ಬನ್ನಿ. ನಾನು ದಿನಾ ಇಳಿಸದೇ ಹೊರೋದನ್ನ ನೀವು ಒಂದು ಸಲ ಹೊರಿ. ಆಮೇಲೆ ಮಾತಾಡೋಣ."

ಅಡ್ಡೆಗೋಲಿನ ಎರಡು ತುದಿಗೂ ಬುಟ್ಟಿ ಕಟ್ಟಿದರು. ಹೆಗಲಿಗೇರಿಸಿ ಹೊರಟೆ. ಮೊದಲು ಕೈ ಬೀಸಿಕೊಂಡೇ ಹೋದೆ. ಟೂಪಾನ ಮನೆಯ ಹತ್ತಿರ ಬರುವಾಗ ಉಸಿರು ಗಂಟಲಿಗೆ ಬಂದಿತ್ತು. ತೊಡೆ ನಡುಗುತ್ತಿತ್ತು. ಸೇತುವೆ ಕಾಣುತ್ತಿದೆ ಅನ್ನುವಾಗ ಬುಟ್ಟಿ ಸಮೇತ ಹಂದಿದೊಡ್ಡಿಯ ಕಟ್ಟೆಗೆ ಒರಗಿಬಿಟ್ಟೆ. ಹಂದಿಗಳು ಬಂದು ಗೆಡ್ಡೆ ತಿನ್ನತೊಡಗಿದವು. ಟೂಪಾ ಬಸ್ಸು ತಂದು ನನ್ನ ಮುಂದೆಯೇ ನಿಲ್ಲಿಸಿ ಬಾಗಿಲು ತೆರೆದ.

"ಹತ್ತಿ ಮೇಷ್ಟ್ರೇ. ನಿಮಗೆ ಅಭ್ಯಾಸ ಇದೆ."

ಸಿಲಿಯಾಗೆ ವಿಷಯ ಮುಟ್ಟಿದೆ. ಫೋನಿನಲ್ಲಿ ಅವಳು, "ಆ ಭಾರ ಇಳಿಸಬಹುದಲ್ಲ ಅಮ್ಮ, ಹೊತ್ಕೊಂಡೇ ಯಾಕೆ ಓಡಬೇಕು?" ಎಂದಳಂತೆ. ಲೆಪೇಕಾ, "ಇಳಿಸೋದು ಅಷ್ಟು ಸುಲಭ ಆಗಿದ್ರೆ ನಿಮ್ಮಪ್ಪನ ಹಾಗೆ ಹಂದಿಗಳಿಗೆ ಹಾಕಿ ಬರ್ತಿದ್ದೆ," ಅಂದಳಂತೆ.

ಮೇ 1

ಬೆನ್ನು ನೋವು. ಬರೆಯಲಾರೆ. ಗಂಟೆ ಮಾತ್ರ ಸರಿಯಾದ ಹೊತ್ತಿಗೆ ಬಾರಿಸಿದೆ.

ಮೇ 25

ಇವತ್ತು ಅವಳೊಡನೆ ನಡೆದೆ. ಅವಳು ಹೆಜ್ಜೆ ಇಡುವ ರೀತಿ ತಪ್ಪು, ದೂರದಿಂದ ಕೂಗಿ ಹೇಳಿದರೆ ಕೇಳಿಸುವುದಿಲ್ಲ, ಅದಕ್ಕೇ ಹೋದದ್ದು.

ಸಮುದ್ರದ ದಂಡೆಯ ರಸ್ತೆ. ಮ್ಯಾರಥಾನ್ ಶುರುವಾಗುವುದು ಅವಳ ತವರು ಫಗಾತೂಲಿಯಿಂದ, ಮುಗಿಯುವುದು ನಮ್ಮ ಚರ್ಚಿನ ಬಯಲಿನಲ್ಲಿ. ಮದುವೆಯಾದಾಗ ಅವಳು ಅದೇ ದಾರಿಯಲ್ಲಿ ಬಸ್ಸಿನಲ್ಲಿ ಬಂದಿದ್ದಳು, ಮಡಿಲಲ್ಲಿ ಮೂರು ಚಾಪೆ, ಒಂದು ಕೋಳಿ.

"ಯಾಕೆ ಇದೆಲ್ಲ?" ಎಂದು ಕೇಳಿದೆ. ಇಷ್ಟು ದಿನ ಕೇಳಿರಲಿಲ್ಲ ಅನ್ನುವುದು ಆಮೇಲೆ ಹೊಳೆಯಿತು.

"ನಮ್ಮಮ್ಮನ ಕಾಲು ನೆನಪಿದೆಯಾ?"

ನೆನಪಿದೆ. ಸಕ್ಕರೆ ಕಾಯಿಲೆಗೆ ಮೊದಲು ಬೆರಳು, ಆಮೇಲೆ ಪಾದ, ಆಮೇಲೆ ಮೊಣಕಾಲಿನ ತನಕ ತೆಗೆದರು. ನಮ್ಮ ಮನೆಗೆ ಬರಬೇಕು ಎನ್ನುತ್ತಲೇ ತೀರಿಹೋದರು.

"ನನ್ನ ಪಾದಾನೂ ಒಂದೊಂದು ಸಲ ಜೋಮು ಹಿಡಿಯುತ್ತೆ ರೀ. ಸಿಲಿಯಾಗೆ ಗೊತ್ತು. ಎರಡೂ ಇರೋವಾಗಲೇ ಅಮ್ಮನ ಮನೆಯಿಂದ ನನ್ನ ಮನೆಗೆ ಒಂದು ಸಲ ನನ್ನ ಕಾಲಲ್ಲೇ ಬರಬೇಕು. ಅಷ್ಟೇ. ಊರಿನೋರು ಹೊಗಳಲಿ ಬಿಡಲಿ. ನೀವು ಮಾತ್ರ ನಾನು ಬಂದಾಗ ಎದ್ದು ನಿಂತು ಚಪ್ಪಾಳೆ ತಟ್ಟಬೇಕು."

"ನಾನು ಗಡಿಯಾರ ನೋಡಿ ತಟ್ಟೋನು," ಅಂದೆ.

ಅವಳು ಹೆಜ್ಜೆ ಬಿರುಸು ಮಾಡಿದಳು. ಮುಂದಿನ ಊರಿನ ತನಕ ಬರಿಯ ಉಸಿರು. ನಾನು ಹೇಳಿದ್ದು ತಪ್ಪಲ್ಲ. ಆದರೂ ರಾತ್ರಿ ಊಟ ರುಚಿಸಲಿಲ್ಲ.

ಜೂನ್ 17

ಕತ್ತಲಲ್ಲೇ ಹೊರಟು ಇಪ್ಪತ್ತೈದು ಕಿಲೋಮೀಟರ್. ಮುಗಿಸಿದಳು. ತೊಡೆಗಳು ಉಜ್ಜಿ ಉಜ್ಜಿ ಕೆಂಪಾಗಿದ್ದವು. ತೆಂಗಿನೆಣ್ಣೆ ಕಾಯಿಸಿ ಹಚ್ಚಿಕೊಟ್ಟೆ. ಅವಳು ನರಳಿದರೆ ನನಗೆ ನಿದ್ದೆ ಬರುವುದಿಲ್ಲ.

ಹಾಗೆಯೇ ಅವಳಿಗೊಂದು ಬಿಗಿ ಚಡ್ಡಿ ಹೊಲಿಸಿದೆ. ಅಷ್ಟು ಬಟ್ಟೆ ಯಾಕೆ ಎಂದು ದರ್ಜಿಯ ಹೆಂಗಸು ಕೇಳಿದಾಗ ಟೂಪಾನ ಬಸ್ಸಿಗೆ ಹೊದಿಕೆ ಎಂದೆ. ಅವಳು ನಂಬಿದ ಹಾಗೆ ಕಾಣಲಿಲ್ಲ.

ಜುಲೈ 7

ನಾಳೆ ಓಟ. ಲೆಪೇಕಾ ತವರಿಗೆ ಹೋಗಿ ಮಲಗಿದ್ದಾಳೆ. ಹೊರಡುವ ಮುಂಚೆ ಹೇಳಿಕೊಟ್ಟದ್ದನ್ನೆಲ್ಲ ಮತ್ತೆ ಹೇಳಿದೆ. ನೀರು ಗುಟುಕು ಗುಟುಕಾಗಿ ಕುಡಿ. ಏರಿನಲ್ಲಿ ಮಾತಾಡಬೇಡ. ಮುಖ್ಯವಾಗಿ, ದಾರಿಯಲ್ಲಿ ಯಾರು ಊಟಕ್ಕೆ ಕರೆದರೂ ನಿಲ್ಲಬೇಡ. ಊಟಕ್ಕೆ ಕುಳಿತವರು ದಾರಿಯಲ್ಲಿ ಹೋಗುವವರನ್ನೆಲ್ಲ ಬನ್ನಿ ಎಂದು ಕರೆಯುವುದು ನಮ್ಮಲ್ಲಿ ಪದ್ಧತಿ. ಆಯ್ತು, ನೀವು ತಿನ್ನಿ ಎಂದು ಮುಂದೆ ಹೋದರೂ ಯಾರೂ ಬೇಸರ ಮಾಡುವುದಿಲ್ಲ. "ಆಯ್ತು ಮೇಷ್ಟ್ರೇ," ಅಂದಳು. ಮೇಷ್ಟ್ರೇ ಎಂದು ಅವಳು ಕರೆಯುವುದು ಮಾತು ಕೇಳುವ ಉದ್ದೇಶ ಇಲ್ಲದಾಗ.

ಮನೆ ಬಹಳ ದೊಡ್ಡದಾಗಿ ಕಾಣುತ್ತಿದೆ.

ಜುಲೈ 9

ನಿನ್ನೆ ಬರೆಯಲಾಗಲಿಲ್ಲ. ಇವತ್ತು ಭಾನುವಾರ, ಚರ್ಚಿನಿಂದ ಬಂದು ಊಟ ಮಾಡಿ ಊರೆಲ್ಲ ಮಲಗಿದೆ. ಲೆಪೇಕಾ ಗೊರಕೆ ಹೊಡೆಯುತ್ತಿದ್ದಾಳೆ. ನಿಧಾನವಾಗಿ ಎಲ್ಲವನ್ನೂ ಬರೆಯುತ್ತೇನೆ.

ಬೆಳಿಗ್ಗೆಯಿಂದ ಗುರಿಯಲ್ಲಿ ಗಡಿಯಾರ ಹಿಡಿದು ಕುಳಿತಿದ್ದೆ. ಮೊದಲು ಬಂದವನು ಅಪಿಯಾದ ಪೊಲೀಸ್ ಹುಡುಗ, ಒಳ್ಳೆಯ ಹೆಜ್ಜೆ. ಆಮೇಲೆ ನ್ಯೂಜಿಲೆಂಡಿನ ಇಬ್ಬರು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲರೂ ಬಂದಿದ್ದರು. ಯಾರು ಎಷ್ಟನೆಯವರು ಎಂದು ಈಗ ನೆನಪಿಲ್ಲ. ಕಿವಿ ಫೋನಿನ ಮೇಲಿತ್ತು. ಸಿಲಿಯಾ ನೀರು, ಮದ್ದು, ಸಕ್ಕರೆ ನೋಡುವ ಯಂತ್ರ ಹಿಡಿದು ಟೂಪಾನ ಬಸ್ಸಿನಲ್ಲಿ ಅವಳ ಹಿಂದೆಯೇ ಬರುತ್ತಿದ್ದಳು.

"ಅಪ್ಪ, ಅಮ್ಮ ಚೆನ್ನಾಗಿದಾಳೆ. ಆದ್ರೆ ಈಗ ಒಂದು ಸಾವಿನ ಮನೇಲಿ ಕೂತಿದಾಳೆ. ನೆಲಕ್ಕಲ್ಲ, ಬೆಂಚಿನ ಮೇಲೆ."

"ಯಾರು ಸತ್ತಿದ್ದು?"

"ಅಜ್ಜಿಯ ಅಣ್ಣನ ಹೆಂಡ್ತಿ. ತೊಂಬತ್ತಾರು ವರ್ಷ. ಹೆಣ ಮನೇಲಿರುವಾಗ ಎದುರಿಂದ ಹೆಂಗೆ ಓಡಿ ಹೋಗೋದು ಅಂತಾಳೆ."

"ತೊಂಬತ್ತಾರು ವರ್ಷ ಬದುಕಿದೋರು ಇನ್ನೊಂದು ದಿನ ಕಾಯಬಾರದಿತ್ತಾ!"

"ಅಪ್ಪಾ!"

ತಪ್ಪು, ಒಪ್ಪುತ್ತೇನೆ. ಪ್ರಾರ್ಥನೆಯಲ್ಲಿ ಆ ಹಿರಿಯಮ್ಮನ ಕ್ಷಮೆ ಕೇಳಿದ್ದೇನೆ.

ಮತ್ತೊಂದು ಊರಿನಲ್ಲಿ ಹಿರಿಯರ ಸಭೆ ನಡೆಯುತ್ತಿತ್ತಂತೆ, ರಸ್ತೆಯ ಪಕ್ಕದ ತೆರೆದ ಮನೆಯಲ್ಲಿ. ಓಟದವರು ಹಾಗೇ ಹೋಗಬಹುದು ಎಂದು ಮೊದಲೇ ಅಪ್ಪಣೆ ಕೊಟ್ಟಿದ್ದರು. ಮಿಕ್ಕವರೆಲ್ಲ ಓಡಿಯೇ ಹೋದರು. ನನ್ನವಳು ಮಾತ್ರ ಹಿರಿಯರ ಮುಂದೆ ಬೆನ್ನು ನೆಟ್ಟಗೆ ಮಾಡಿ ಹೋಗುವುದುಂಟೇ ಎಂದು ಆ ಮನೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಸೊಂಟ ಬಗ್ಗಿಸಿ, ಕ್ಷಮಿಸಿ ಕ್ಷಮಿಸಿ ಎನ್ನುತ್ತ ದಾಟಿದಳು. ಸಭೆ ನಿಲ್ಲಿಸಿ ಹಿರಿಯರೆಲ್ಲ ನೋಡಿದರಂತೆ. ಒಬ್ಬರು ಎಳನೀರು ಕಳಿಸಿದರು. ಇನ್ನೊಬ್ಬರು ಕೆಸುವಿನೆಲೆಯಲ್ಲಿ ತೆಂಗಿನ ಹಾಲು ಕಟ್ಟಿ ಬೇಯಿಸಿದ್ದನ್ನು ಕಳಿಸಿದರು. ಅದನ್ನು ತಿಂದಳೇ ಎಂದು ಕೇಳಿದೆ. ಸಿಲಿಯಾ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಟೂಪಾ, "ಎರಡು!" ಎಂದು ಕೂಗಿದ.

ಬಿಸಿಲು ಇಳಿಯಿತು. ಓಟದ ಸಂಘದವರು ಬ್ಯಾನರು ಬಿಚ್ಚತೊಡಗಿದರು. ಅಪಿಯಾಕ್ಕೆ ಕೊನೆಯ ಹಡಗು ಹಿಡಿಯಬೇಕಲ್ಲ. ಅವರ ಮುಖ್ಯಸ್ಥ ನನ್ನ ಹೆಗಲ ಮೇಲೆ ಕೈ ಇಟ್ಟು, "ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ. ನಿಮ್ಮ ಮನೆಯವರದ್ದು 'ಮುಗಿಸಲಿಲ್ಲ' ಅಂತ ಬರ್ಕೋತೀವಿ," ಅಂದ.

"ಯಾಕೆ ಬರೀತೀರಿ? ಅವಳೇನು ಬಸ್ ಹತ್ತಿದಾಳಾ?"

"ಅಲ್ಲ, ಹೊತ್ತು ಮೀರಿತಲ್ಲ. ನೀವೇ ಪ್ರತಿ ವರ್ಷ ಹೇಳ್ತೀರಿ..."

"'ಇನ್ನೂ ಬರ್ತಿದಾಳೆ' ಅಂತ ಬರೀರಿ. ಮತ್ತೆ ಒಂದು ಪದಕ ಇಲ್ಲಿಟ್ಟು ಹೋಗಿ."

ಅವನು ನನ್ನ ಮುಖ ನೋಡಿ ಸುಮ್ಮನೆ ಪದಕ ಕೊಟ್ಟು ಹೋದ. ಸ್ವಲ್ಪ ಗಟ್ಟಿಯಾಗಿ ಮಾತಾಡಿದೆನೋ ಏನೋ. ಬೇರೆ ಯಾರೇ ಆಗಿದ್ದರೂ ಹಾಗೆಯೇ ಹೇಳುತ್ತಿದ್ದೆ.

ಬ್ಯಾನರು ಹೋದ ಜಾಗಕ್ಕೆ ಮಹಿಳಾ ಸಮಿತಿಯವರು ತಾವು ಸೊಂಟಕ್ಕೆ ಸುತ್ತುವ ಹೂವಿನ ಬಟ್ಟೆಗಳನ್ನು, ಲಾವಾಲಾವಾಗಳನ್ನು, ಒಂದಕ್ಕೊಂದು ಗಂಟು ಹಾಕಿ ಎರಡು ತೆಂಗಿನ ಮರಕ್ಕೆ ಕಟ್ಟಿದರು. ಊರೆಲ್ಲ ಬಯಲಿನಲ್ಲಿ ಸೇರಿತು. ಸೂರ್ಯ ನೀರಿಗೆ ತಾಗಿದ. ಫೋನಿನಲ್ಲಿ ಸಿಲಿಯಾ, "ಸೇತುವೆ ಹತ್ರ ಇದೀವಿ ಅಪ್ಪ," ಅಂದಳು.

ಸೇತುವೆಯಿಂದ ಬಯಲಿಗೆ ಇನ್ನೂ ಒಂದು ಕಿಲೋಮೀಟರ್. ನಾನು ಗಂಟೆ ಬಾರಿಸಿದರೆ ಅವಳು ಕೂರಬೇಕು. ಕೂತರೆ ಏಳಲಾರಳು. ಬೆಳಿಗ್ಗೆಯಿಂದ ಅಷ್ಟು ದೂರ ಬಂದದ್ದು ಅಲ್ಲಿಗೆ ಮುಗಿಯಿತು.

ಆಗಲೇ ಸರಳು ಕಾಣದಾಯಿತು. ಎಲ್ಲಿಟ್ಟಿದ್ದೆನೋ. ಮರದ ಬುಡದಲ್ಲಿ ಹುಡುಕಿದೆ, ಚರ್ಚಿನ ಹಿಂದೆ ಹುಡುಕಿದೆ. ಹುಡುಕಿ ಸುಸ್ತಾಗಿ ಬೆಂಚಿನ ಮೇಲೆ ಕುಳಿತೆ. ಕೆಳಗೆ ಏನೋ ಗಟ್ಟಿಯಾಗಿ ಒತ್ತುತ್ತಿತ್ತು, ನೋಡಲು ಹೋಗಲಿಲ್ಲ.

ಊರ ಹಿರಿಯ ಫುಆವಾಯಿ ಕೋಲೂರಿಕೊಂಡು ಬಂದರು. "ಮೇಷ್ಟ್ರೇ, ಸೂರ್ಯ ಮುಳುಗಿದ ಹಾಗಿದೆಯಲ್ಲ?"

"ಮೋಡ ಇರಬೇಕು ಹಿರಿಯರೇ."

ಆಕಾಶದಲ್ಲಿ ಒಂದು ಚೂರು ಮೋಡ ಇರಲಿಲ್ಲ. ಅವರು ಸಮುದ್ರವನ್ನು ನೋಡಿದರು, ನಾನು ಕುಳಿತ ಬೆಂಚನ್ನೂ ನೋಡಿದರು. "ಇರಬಹುದು. ನನ್ನ ಕಣ್ಣೂ ಮಂಜು," ಎಂದು ನನ್ನ ಪಕ್ಕದಲ್ಲಿ ಕುಳಿತರು.

ಅಷ್ಟರಲ್ಲಿ ತಿರುವಿನಲ್ಲಿ ಬಸ್ಸಿನ ದೀಪ ಕಂಡಿತು. ದೀಪದ ಮುಂದೆ ಅವಳು. ಒಂದು ಹೆಜ್ಜೆ, ತಡೆದು ಇನ್ನೊಂದು ಹೆಜ್ಜೆ. ಅವಳು ನಿಂತಳು. ತಲೆಯೆತ್ತಿ ಆಕಾಶ ನೋಡಿದಳು. ನೋಡಿದವಳೇ ರಸ್ತೆಯ ನಡುವೆ ದೊಪ್ಪನೆ ಕುಳಿತುಬಿಟ್ಟಳು.

"ರೀ!" ಚರ್ಚಿನ ಹಾಡಿನ ಗುಂಪಿನಲ್ಲಿ ನಲವತ್ತು ವರ್ಷ ಪಳಗಿದ ಗಂಟಲು, ಊರಿನಾಚೆಗೂ ಕೇಳುತ್ತದೆ. "ಏನ್ ಮಾಡ್ತಿದೀರಿ ಅಲ್ಲಿ? ಗಂಟೆ ಬಾರಿಸ್ರೀ! ಹೊತ್ತು ಮೀರಿದೆ!"

"ನೀನು ಮೊದ್ಲು ಬಾರೇ!"

"ದೇವರನ್ನ ಕಾಯಿಸಿ ಬರೋದು ಯಾವ ಸೀಮೆ ಓಟ? ಬಾರಿಸ್ರೀ ಸುಮ್ನೆ!"

ಊರೆಲ್ಲ ನನ್ನನ್ನೇ ನೋಡಿತು. ಫುಆವಾಯಿ ಮೆಲ್ಲಗೆ, "ಸರಳು ನಿಮ್ಮ ಕೆಳಗಿದೆ," ಅಂದರು.

ಬಾರಿಸಿದೆ. ಇಡೀ ಊರು ನಿಂತಲ್ಲೇ ಕುಳಿತಿತು. ಹಾಡು ಶುರು ಮಾಡಿದ್ದು ಅವಳೇ, ಆ ರಸ್ತೆಯ ನಡುವಿನಿಂದ. ಬಯಲಿನವರು ದನಿಗೂಡಿಸಿದರು. ಎಷ್ಟೋ ಸಾವಿರ ಸಂಜೆ ಈ ಹಾಡು ಕೇಳಿದ್ದೇನೆ. ನಿನ್ನೆ ನನಗೆ ಕೊನೆಯ ಸಾಲು ಹಾಡಲು ಆಗಲಿಲ್ಲ.

ಮುಗಿದ ಗಂಟೆ ಬಾರಿಸಿದೆ. ಎಲ್ಲರೂ ಎದ್ದರು. ಅವಳು ಏಳಲಿಲ್ಲ.

ಸಿಲಿಯಾ ಓಡಿ ಬಂದು ಕೈ ಚಾಚಿದಳು. ಲೆಪೇಕಾ ತಲೆಯಾಡಿಸಿದಳು. ಒಂದು ಸಲ ಎದ್ದಳು, ಮತ್ತೆ ಕುಳಿತಳು. ಪಕ್ಕಕ್ಕೆ ಹೊರಳಿ ಮೊಣಕೈ ಊರಿದಳು, ಮೊಣಕಾಲು ಊರಿದಳು, ಮಗು ಅಂಬೆಗಾಲಿಡುವ ಹಾಗೆ ಹಾಗೇ ಸ್ವಲ್ಪ ಹೊತ್ತು ಇದ್ದಳು. ಆಮೇಲೆ ಎರಡೂ ಕೈಗಳಿಂದ ತನ್ನ ತೊಡೆಯನ್ನೇ ಹಿಡಿದು ತನ್ನನ್ನು ತಾನೇ ಎತ್ತಿ ನಿಲ್ಲಿಸಿದಳು.

ನಿಂತು, ಲಾವಾಲಾವಾ ಸರಿಮಾಡಿಕೊಂಡು, ನಡೆದಳು. ಹೆಂಗಸರು ತಗಡು ಬಡಿದರು, ಮಕ್ಕಳು ಕುಣಿದರು, ಟೂಪಾ ಬಸ್ಸಿನ ಹಾರ್ನ್ ಒತ್ತಿದ ಕೈ ತೆಗೆಯಲಿಲ್ಲ. ಸಿಲಿಯಾ ಅಳುತ್ತ ಚಪ್ಪಾಳೆ ತಟ್ಟುತ್ತಿದ್ದಳು. ಚಪ್ಪಾಳೆ ಯಾರಿಗೂ ಒಳ್ಳೆಯದಲ್ಲ ಎಂದವಳು! ಹೂವಿನ ಲಾವಾಲಾವಾಗಳ ಕೆಳಗೆ ನನ್ನ ಹೆಂಡತಿ ತನ್ನ ಕಾಲಲ್ಲೇ ತನ್ನ ಊರಿಗೆ ಬಂದಳು.

ಎಷ್ಟು ಹೊತ್ತಾಯಿತು ಎಂದು ಬರೆಯಲಾರೆ. ಗಡಿಯಾರದ ಗುಂಡಿ ಒತ್ತಲು ಮರೆತೆ.

ಹತ್ತಿರ ಬಂದು ಏದುಸಿರಿನಲ್ಲಿ ಕೇಳಿದಳು. "ತಟ್ಟಿದ್ರಾ?"

ಇಲ್ಲ. ಕೈಯಲ್ಲಿ ಸರಳಿತ್ತು. ಅವಳು ಎದ್ದು ನಿಂತಾಗಿನಿಂದ ನನ್ನ ಕೈ ಗಂಟೆ ಬಾರಿಸುತ್ತಲೇ ಇತ್ತಂತೆ. ನಿಲ್ಲಿಸಿ ಎಂದು ಫುಆವಾಯಿ ಕೂಗಿದ್ದು ನನಗೆ ಕೇಳಿಸಲಿಲ್ಲ. ಕೊನೆಗೆ ಲೆಪೇಕಾಳೇ ಸರಳನ್ನು ಕೈಯಿಂದ ತೆಗೆದುಕೊಂಡಳು.

ಜುಲೈ 11

ಊರ ಸಭೆ ನನಗೆ ದಂಡ ಹಾಕಿತು. ತಪ್ಪು ಎರಡು. ಒಂದು, ಪ್ರಾರ್ಥನೆಯ ಗಂಟೆ ತಡ ಮಾಡಿದ್ದು. ಇದಕ್ಕೆ ಒಂದು ಪೆಟ್ಟಿಗೆ ಡಬ್ಬಿ ಮೀನು. ಎರಡನೆಯದು ದೊಡ್ಡದು. ನಿಲ್ಲಿಸದೆ ಬಾರಿಸಿದ ನನ್ನ ಗಂಟೆ ಕೊಲ್ಲಿಯಾಚೆಯ ಪಕ್ಕದೂರಿಗೆ ಕೇಳಿ, ಸಮುದ್ರ ಬಂತೆಂದು ಅವರೆಲ್ಲ ಹಂದಿಮರಿ, ಮುದುಕರು, ಅಡುಗೆ ಪಾತ್ರೆ ಸಮೇತ ಗುಡ್ಡ ಹತ್ತಿ, ಅರ್ಧ ರಾತ್ರಿಯ ತನಕ ಅಲ್ಲೇ ಕುಳಿತಿದ್ದರು. ಅವರಿಗೆ ಒಂದು ದೊಡ್ಡ ಹಂದಿ, ಜೊತೆಗೆ ನಾನೇ ಹೋಗಿ ಕ್ಷಮೆ ಕೇಳಬೇಕು.

ಹೋದೆ. ತಲೆ ಬಗ್ಗಿಸಿ ಅವರ ಸಭೆಯ ಮುಂದೆ ಕುಳಿತೆ. ಅವರ ಹಿರಿಯರು ಮುಖ ಬಿಗಿದುಕೊಂಡೇ, "ಹೆಂಡ್ತಿ ಬಂದಿದ್ದಕ್ಕೆ ಇಷ್ಟು ಹೆದರಿದ ಗಂಡನನ್ನ ನಾವು ನೋಡಿರಲಿಲ್ಲ," ಅಂದರು. ಸಭೆ ಬಿದ್ದು ಬಿದ್ದು ನಕ್ಕಿತು. ಇನ್ನೊಬ್ಬರು, "ಅವತ್ತು ನಮ್ಮೂರಿನ ದಪ್ಪದವರೆಲ್ಲ ಗುಡ್ಡ ಓಡಿ ಹತ್ತಿದ್ರು ಮೇಷ್ಟ್ರೇ. ನಮಗೆ ಪದಕ ಎಲ್ಲಿ?" ಅಂದರು. ಹಂದಿ ಅಲ್ಲೇ ಬೆಂದಿತು, ಲೆಪೇಕಾಳಿಗೆಂದು ಒಂದು ತೊಡೆ ಕಟ್ಟಿಕೊಟ್ಟರು. ಸಿಲಿಯಾ ಅದರ ಕೊಬ್ಬನ್ನೆಲ್ಲ ಕತ್ತರಿಸಿ ತೆಗೆದಳು. ಟೂಪಾ ತಾನಾಗಿಯೇ ಅವಳ ಮುಂದೆ ಬೆರಳು ಚಾಚಿ, "ನನ್ನ ಸಕ್ಕರೇನೂ ನೋಡಿಬಿಡಮ್ಮ," ಎಂದನಂತೆ.

ಸಂಜೆ ಸಿಲಿಯಾ ಕೇಳಿದಳು. "ಈಗ ಹೇಳಿ ಅಪ್ಪ. ಅಮ್ಮನ್ನ ಹೊಗಳಬೇಕಾ ಬೇಡ್ವಾ?"

"ಹೊತ್ತು ಬಹಳ ಆಯ್ತು. ಏರಿನಲ್ಲಿ ಹೆಜ್ಜೆ ಸರಿ ಇರಲಿಲ್ಲ," ಅಂದೆ. ನಾನು ಒಂದು ಸಲ ಹೇಳಿದ ಮಾತನ್ನು ಬದಲಿಸುವವನಲ್ಲ.

ಲೆಪೇಕಾ ಕಾಲು ಬಿಸಿನೀರಿನಲ್ಲಿ ಇಟ್ಟುಕೊಂಡು ಕಂಬದ ಕಡೆ ನೋಡಿದಳು. ಅವಳ ಪದಕವನ್ನು ನಾನು ಅಲ್ಲಿ ನೇತುಹಾಕಿದ್ದೆ. ಒಂದೇ ಮೊಳೆ ಇತ್ತು, ನನ್ನದನ್ನು ಪೆಟ್ಟಿಗೆಯಲ್ಲಿ ಇಟ್ಟೆ.

"ರೀ, ಮುಂದಿನ ವರ್ಷ ನಿಮ್ಮ ಹೆಸರು ಕೊಡೋಣ."

"ನನ್ನ ಮೊಣಕಾಲು ನೋಡಿದೀಯಾ? ಈ ವಯಸ್ಸಿಗೆ ನಾನು ಕೊನೇಲಿ ಬರ್ತೀನಿ."

"ಬನ್ನಿ. ಗಂಟೆ ನಾನು ನೋಡ್ಕೋತೀನಿ."

"ನನಗೋಸ್ಕರ ತಡ ಮಾಡ್ತೀಯಾ?"

"ಖಂಡಿತ ಇಲ್ಲ. ಹೊತ್ತಿಗೆ ಸರಿಯಾಗಿ ಬಾರಿಸ್ತೀನಿ. ಎಲ್ಲಿರ್ತೀರೋ ಅಲ್ಲೇ ಕೂತು ಪ್ರಾರ್ಥನೆ ಮಾಡಿ, ಎದ್ದು ಬನ್ನಿ. ನಾನು ಇಲ್ಲೇ ಇರ್ತೀನಿ."

ನನ್ನ ಹೆಂಡತಿಗೆ ನಿಜವಾಗಿಯೂ ತಲೆ ಕೆಟ್ಟಿದೆ. ಬೆಳಗಿನ ಜಾವ ನನ್ನನ್ನು ಎಬ್ಬಿಸಲು ಹೇಳಿದ್ದೇನೆ.